ಟ್ರೈಗ್ಲಿಸರೈಡ್ ಭಾಗಿಸು ಎಚ್‌ಡಿಎಲ್: 6.1 ಬಂದರೆ ಏನು ತಿಳಿಯಬೇಕು?

ಪ್ರಶ್ನೆ: ನನಗೆ 43 ವರ್ಷ. ತಿಪಟೂರಿನ ಹತ್ತಿರ ಹೈಸ್ಕೂಲು ಮೇಷ್ಟ್ರು. ಎತ್ತರ 168 ಸೆಂ.ಮೀ., ತೂಕ 66 ಕೆ.ಜಿ. ಕುಡಿತ, ಸಿಗರೇಟು ಇಲ್ಲ. ನನ್ನನ್ನು ಯಾರೂ ದಪ್ಪ ಅನ್ನುವುದಿಲ್ಲ, ಆದರೆ ಹೊಟ್ಟೆ ಮುಂದೆ ಬಂದಿದೆ. ಟೇಪಿನಲ್ಲಿ 94 ಸೆಂ.ಮೀ. ನಾಲ್ಕು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 178, ಎಚ್‌ಡಿಎಲ್ 36 ಇತ್ತು. ಎಣ್ಣೆ-ತುಪ್ಪ ಬಿಡಿ ಅಂದರು, ಪೂರ್ತಿ ಬಿಟ್ಟೆ. ಹಸಿವಾದಾಗ ಹಣ್ಣಿನ ಜ್ಯೂಸು, ರಾತ್ರಿ ಒಂದು ಸೌಟು ಅನ್ನ ಜಾಸ್ತಿ. ಈಗಿನ ರಿಪೋರ್ಟು: ಒಟ್ಟು ಕೊಲೆಸ್ಟರಾಲ್ 192, ಟ್ರೈಗ್ಲಿಸರೈಡ್ 214, ಎಚ್‌ಡಿಎಲ್ 35, ಎಲ್‌ಡಿಎಲ್ 114, ವಿಎಲ್‌ಡಿಎಲ್ 43 (ಇದು ಕೆಂಪಕ್ಷರದಲ್ಲಿದೆ). ಖಾಲಿ ಹೊಟ್ಟೆ ಸಕ್ಕರೆ 104, ಮೂರು ತಿಂಗಳ ಸಕ್ಕರೆ 5.9. ರಕ್ತ ಕೊಟ್ಟಿದ್ದು ಬೆಳಿಗ್ಗೆ ಏಳಕ್ಕೆ. ಹಿಂದಿನ ರಾತ್ರಿ ಆರತಕ್ಷತೆಯ ಊಟ ಮುಗಿಸಿದಾಗ ಹನ್ನೊಂದಾಗಿತ್ತು. ಒಂದು ವಿಡಿಯೋದಲ್ಲಿ ‘ಎಲ್‌ಡಿಎಲ್ ಮರೆತುಬಿಡಿ, ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ, 2ಕ್ಕಿಂತ ಕಡಿಮೆ ಇದ್ದರೆ ಸಾಕು, ಅಡುಗೆಗೆ ಕೊಬ್ಬರಿ ಎಣ್ಣೆ ಬಳಸಿ, ಅನುಪಾತ ತಾನಾಗಿ ಇಳಿಯುತ್ತದೆ’ ಅಂದರು. ನನ್ನದು 6.1. ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮನದು 1.3 ಅಂತೆ. ಒಂದೇ ಮನೆಯ ರಕ್ತ, ಇಷ್ಟು ವ್ಯತ್ಯಾಸವೇ? ಮಾತ್ರೆ ಶುರು ಮಾಡಬೇಕೇ?

ಉತ್ತರ: ಮೇಷ್ಟ್ರೇ, ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು. ಎಚ್‌ಡಿಎಲ್, ಎಲ್‌ಡಿಎಲ್ ಅಂದರೆ ಕೊಲೆಸ್ಟರಾಲ್ ಹೊರುವ ಕಣಗಳು, ಜನ ಮೊದಲನೆಯದನ್ನು ‘ಒಳ್ಳೆಯ’, ಎರಡನೆಯದನ್ನು ‘ಕೆಟ್ಟ’ ಕೊಲೆಸ್ಟರಾಲ್ ಅನ್ನುತ್ತಾರೆ. ಮೊದಲು ನಿಮ್ಮ ತಮ್ಮನ ಲೆಕ್ಕ ಮುಗಿಸಿಬಿಡೋಣ. ಆಸ್ಟ್ರೇಲಿಯಾದಲ್ಲಿ ರಕ್ತದ ಕೊಬ್ಬನ್ನು ಮಿಲಿಮೋಲ್‌ನಲ್ಲಿ ಬರೆಯುತ್ತಾರೆ, ನಮ್ಮಲ್ಲಿ ಮಿಲಿಗ್ರಾಂನಲ್ಲಿ. ಟ್ರೈಗ್ಲಿಸರೈಡಿನ ಮಿಲಿಗ್ರಾಂ ಅಂಕಿಯನ್ನು 88.6ರಿಂದ ಭಾಗಿಸಿದರೆ ಮಿಲಿಮೋಲ್ ಸಿಗುತ್ತದೆ. ಕೊಲೆಸ್ಟರಾಲ್‌ಗೆ ಭಾಜಕ 38.67. ಎರಡಕ್ಕೂ ಭಾಜಕ ಬೇರೆಯಾದ್ದರಿಂದ ಅನುಪಾತವೂ ಬದಲಾಗುತ್ತದೆ. ಮಿಲಿಮೋಲ್ ಅನುಪಾತವನ್ನು 2.29ರಿಂದ ಗುಣಿಸಿದರೆ ನಮ್ಮ ಅನುಪಾತ. ಅಂದರೆ ಅವರ 1.3 ನಮ್ಮ ಲೆಕ್ಕದಲ್ಲಿ ಸುಮಾರು 3. ವಿಡಿಯೋದವರ ‘2’ ಮಿಲಿಗ್ರಾಂ ಲೆಕ್ಕದ್ದು. ನಿಮ್ಮ ತಮ್ಮ ಅದನ್ನು ಮಿಲಿಮೋಲ್ ರಿಪೋರ್ಟಿನ ಮೇಲಿಟ್ಟು ಪಾಸಾದೆ ಅಂದುಕೊಂಡಿದ್ದಾರೆ. ಲಂಡನ್, ಟೊರಾಂಟೊ, ಮೆಲ್ಬರ್ನ್‌ನಲ್ಲಿರುವ ನಮ್ಮವರು ಊರಿನ ವಾಟ್ಸಾಪ್ ಗುಂಪಿನಲ್ಲಿ ಅಂಕಿ ಹೋಲಿಸುವಾಗ ಹೀಗೆ ಎಡವುವುದು ಬಲು ಸಾಮಾನ್ಯ. ತಮ್ಮನಿಗೂ ಸೊಂಟದ ಅಳತೆ ತೆಗೆದುಕೊಳ್ಳಲು ಹೇಳಿ.

ಈಗ ನಿಮ್ಮ ಕೆಂಪಕ್ಷರದ ವಿಎಲ್‌ಡಿಎಲ್. ನಮ್ಮ ಬಹುತೇಕ ಲ್ಯಾಬುಗಳು ಅದನ್ನು ಅಳೆಯುವುದೇ ಇಲ್ಲ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ ಬರೆಯುತ್ತಾರೆ: 214 ಭಾಗಿಸು 5, ಅಂದರೆ 42.8. ಎಲ್‌ಡಿಎಲ್ ಕೂಡ ಹಾಗೇ ಬಂದಿದೆ: 192ರಿಂದ 35 ಕಳೆದು, ಮತ್ತೆ 42.8 ಕಳೆದರೆ 114. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ 400 ದಾಟಿದರೆ ಕೆಲಸಕ್ಕೆ ಬಾರದು. ಅದರ ಕೆಳಗೆ ಅಚ್ಚಾಗುವ ಒಟ್ಟು ಕೊಲೆಸ್ಟರಾಲ್–ಎಚ್‌ಡಿಎಲ್ ಅನುಪಾತ (ನಿಮ್ಮದು 5.5), ಎಲ್‌ಡಿಎಲ್–ಎಚ್‌ಡಿಎಲ್ ಅನುಪಾತ (3.3), ಇವೂ ಅದೇ ಅಂಕಿಗಳನ್ನು ಮಗುಚಿ ಹಾಕಿದ್ದು. ಇಡೀ ಹಾಳೆಯಲ್ಲಿ ನಿಜವಾಗಿ ಅಳೆದದ್ದು ಮೂರು: ಒಟ್ಟು ಕೊಲೆಸ್ಟರಾಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್. ಆರು ಕಡೆ ಕೆಂಪು ಕಂಡರೆ ಆರು ಕಾಯಿಲೆ ಅಲ್ಲ.

ಹಾಗಾದರೆ ವಿಡಿಯೋದವರ ಅನುಪಾತ ಸುಳ್ಳೇ? ಅಲ್ಲ. ಅದು ಒಂದು ವಿಷಯವನ್ನು ಚೆನ್ನಾಗಿ ಸೂಚಿಸುತ್ತದೆ: ದೇಹ ಇನ್ಸುಲಿನ್ ಮಾತು ಕೇಳುವುದನ್ನು ಕಡಿಮೆ ಮಾಡಿದೆಯೇ ಎಂಬುದನ್ನು. ನಾವು ಇನ್ಸುಲಿನ್ ಪ್ರತಿರೋಧ ಅನ್ನುವುದು ಇದಕ್ಕೇ.

ಊಟವಾದ ಮೇಲೆ ಇನ್ಸುಲಿನ್ ಕೊಬ್ಬಿನ ಕೋಶಗಳಿಗೆ ‘ಇದ್ದದ್ದನ್ನು ಬಿಡಬೇಡಿ, ಬಂದದ್ದನ್ನು ಒಳಗಿಟ್ಟುಕೊಳ್ಳಿ’ ಎಂದು ಹೇಳಬೇಕು. ಕೋಶ ಅದನ್ನು ಕೇಳದಿದ್ದರೆ ಕೊಬ್ಬಿನಾಮ್ಲ ಹೊತ್ತುಗೊತ್ತಿಲ್ಲದೆ ರಕ್ತಕ್ಕೆ ಸೋರಿ ಲಿವರ್‌ಗೆ ಹೋಗುತ್ತದೆ. ಅದೇ ಹೊತ್ತಿಗೆ ಅನ್ನ-ಸಕ್ಕರೆಯ ಹೆಚ್ಚುವರಿಯೂ ಲಿವರ್‌ನಲ್ಲಿ ಕೊಬ್ಬಾಗುತ್ತಿರುತ್ತದೆ. ಲಿವರ್ ಸ್ವಲ್ಪವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ (ಫ್ಯಾಟಿ ಲಿವರ್ ಅನ್ನುವುದು ಇದನ್ನೇ), ಉಳಿದದ್ದನ್ನು ವಿಎಲ್‌ಡಿಎಲ್ ಎಂಬ ಮೂಟೆ ಕಟ್ಟಿ ರಕ್ತಕ್ಕೆ ಬಿಡುತ್ತದೆ. ನೀವು ಅಳೆಸಿದ ಟ್ರೈಗ್ಲಿಸರೈಡ್ ಬಹುಪಾಲು ಈ ಮೂಟೆಯೊಳಗಿನದು. ರಕ್ತದಲ್ಲಿ ಒಂದು ಪ್ರೋಟೀನ್ ಅದಲುಬದಲು ಮಾಡುತ್ತಿರುತ್ತದೆ: ವಿಎಲ್‌ಡಿಎಲ್‌ನಿಂದ ಟ್ರೈಗ್ಲಿಸರೈಡ್ ತೆಗೆದು ಎಚ್‌ಡಿಎಲ್‌ಗೆ ಕೊಟ್ಟು, ಬದಲಿಗೆ ಕೊಲೆಸ್ಟರಾಲ್ ಪಡೆಯುತ್ತದೆ. ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್‌ ಅನ್ನು ಲಿವರ್‌ನ ಕಿಣ್ವ ಕರಗಿಸಿ ಸಣ್ಣದು ಮಾಡುತ್ತದೆ, ಆಮೇಲೆ ಅದು ಬೇಗ ಕಳೆದುಹೋಗುತ್ತದೆ. ಒಂದು ಏರಿದಾಗ ಇನ್ನೊಂದು ಇಳಿಯುವುದು ಹೀಗೆ. ಭಾಗಿಸಿದಾಗ ಈ ಎರಡೂ ಚಲನೆ ಒಂದೇ ಅಂಕಿಯಲ್ಲಿ ಎದ್ದು ಕಾಣುತ್ತವೆ.

ಇದೇ ಅದಲುಬದಲು ಎಲ್‌ಡಿಎಲ್‌ಗೂ ಆಗುತ್ತದೆ, ಅದೂ ಸಣ್ಣಗಾಗುತ್ತದೆ. ತಿಪಟೂರಿನವರಿಗೆ ಕೊಬ್ಬರಿ ಲೆಕ್ಕದಲ್ಲೇ ಹೇಳಬಹುದು. ಹತ್ತು ಕ್ವಿಂಟಲ್ ಕೊಬ್ಬರಿಯನ್ನು ದೊಡ್ಡ ಚೀಲಕ್ಕೆ ತುಂಬಿದರೆ ಚೀಲ ಕಡಿಮೆ, ಸಣ್ಣ ಚೀಲಕ್ಕೆ ತುಂಬಿದರೆ ಜಾಸ್ತಿ. ತೂಕ ಮಾತ್ರ ಅಷ್ಟೇ. ಎಲ್‌ಡಿಎಲ್ 114 ಅನ್ನುವುದು ತೂಕ. ರಕ್ತನಾಳದ ಗೋಡೆಗೆ ನುಗ್ಗುವುದು ಚೀಲಗಳು. ಹಾಗಾಗಿ ನಿಮ್ಮಂಥವರಲ್ಲಿ 114 ಅನ್ನುವುದು ಕಾಣುವಷ್ಟು ಸಾಧುವಲ್ಲ. ಚೀಲ ಎಣಿಸಬೇಕೆಂದರೆ ಅಪೋ-ಬಿ ಪರೀಕ್ಷೆ ಇದೆ, ಅದು ಚೀಲದ ಮೇಲಿನ ಪ್ರೋಟೀನ್, ಒಂದು ಚೀಲಕ್ಕೆ ಒಂದೇ ಅಪೋ-ಬಿ. ಅದಕ್ಕೆ ದುಡ್ಡು ಕೊಡಲಾಗದಿದ್ದರೆ ಪುಕ್ಕಟೆ ದಾರಿಯೂ ಉಂಟು: ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ನಿಮ್ಮದು 157. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ, ಉಪವಾಸವೂ ಬೇಕಿಲ್ಲ. ಎಲ್‌ಡಿಎಲ್ ಗುರಿ 100 ಆದರೆ ಇದರ ಗುರಿ 30 ಸೇರಿಸಿ 130. ಎಲ್‌ಡಿಎಲ್‌ನಲ್ಲಿ 14ರಷ್ಟು ದೂರವಿದ್ದೀರಿ ಅನಿಸಿದರೆ, ಇಲ್ಲಿ 27ರಷ್ಟು ದೂರವಿದ್ದೀರಿ. ‘ಎಲ್‌ಡಿಎಲ್ ಮರೆತುಬಿಡಿ’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಅನುಪಾತ ಕೆಟ್ಟಿರುವವರೇ ಎಲ್‌ಡಿಎಲ್ ಬಗ್ಗೆ ಹೆಚ್ಚು ಎಚ್ಚರ ಇಡಬೇಕಾದವರು.

ಇನ್ನು ‘ಇಷ್ಟಕ್ಕಿಂತ ಕಡಿಮೆ’ ಎಂಬ ಗೆರೆ ಎಲ್ಲಿಂದ ಬಂತು? ಇನ್ಸುಲಿನ್ ಪ್ರತಿರೋಧದ ಸುತ್ತಲಿನ ಈ ತೊಂದರೆಗಳ ಗುಂಪನ್ನು 1988ರಲ್ಲಿ ‘ಸಿಂಡ್ರೋಮ್ ಎಕ್ಸ್’ ಎಂದು ಕರೆದವರು ಸ್ಟ್ಯಾನ್‌ಫರ್ಡ್‌ನ ಜೆರಾಲ್ಡ್ ರೀವನ್. ಅವರ ತಂಡವೇ 2003ರಲ್ಲಿ ಸಕ್ಕರೆ ಕಾಯಿಲೆ ಇಲ್ಲದ, ತೂಕ ಹೆಚ್ಚಿದ್ದ 258 ಜನರಲ್ಲಿ ಇನ್ಸುಲಿನ್ ಪ್ರತಿರೋಧವನ್ನು ನೇರವಾಗಿ ಅಳೆದು, ಯಾವ ಸುಲಭ ಪರೀಕ್ಷೆ ಅದಕ್ಕೆ ಹತ್ತಿರ ಬರುತ್ತದೆ ಎಂದು ನೋಡಿತು. ಅನುಪಾತಕ್ಕೆ 3.0, ಬರೀ ಟ್ರೈಗ್ಲಿಸರೈಡಿಗೆ 130 ಎಂಬ ಗೆರೆ ಸಿಕ್ಕಿತು. ಆ 3.0 ಗೆರೆಯು ಪ್ರತಿರೋಧ ಇದ್ದವರಲ್ಲಿ ನೂರಕ್ಕೆ 64 ಮಂದಿಯನ್ನು ಹಿಡಿಯಿತು. 36 ಮಂದಿ ತಪ್ಪಿಸಿಕೊಂಡರು. ಬರೀ ಟ್ರೈಗ್ಲಿಸರೈಡ್ ಹಿಡಿದದ್ದು 67. ಭಾಗಾಕಾರ ಮಾಡಿದ್ದರಿಂದ ಹೆಚ್ಚಿಗೇನೂ ಸಿಗಲಿಲ್ಲ! ಆಫ್ರಿಕನ್ ಮೂಲದವರಲ್ಲಿ ಈ ಅನುಪಾತ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ, ಏಕೆಂದರೆ ಅವರಿಗೆ ಪ್ರತಿರೋಧ ಇದ್ದರೂ ಟ್ರೈಗ್ಲಿಸರೈಡ್ ಅಷ್ಟಾಗಿ ಏರುವುದಿಲ್ಲ. ಹೆಂಗಸರಿಗೆ ಎಚ್‌ಡಿಎಲ್ ಸಹಜವಾಗಿಯೇ ಹೆಚ್ಚು, ಅದಕ್ಕೆ ಕೆಲವರು ಅವರಿಗೆ 2.5, ಗಂಡಸರಿಗೆ 3.5 ಎಂಬ ಗೆರೆ ಹಿಡಿಯುತ್ತಾರೆ.

ನಮ್ಮ ದೇಶದ್ದೇ ಇನ್ನೊಂದು ತೊಡಕು. ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಅಧ್ಯಯನ 2014ರಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಅಂಕಿ ಕೊಟ್ಟಿತು: ಎಚ್‌ಡಿಎಲ್ ಕಡಿಮೆ ಇದ್ದವರು ನೂರಕ್ಕೆ 72 ಮಂದಿ, ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಸುಮಾರು 30. ಕೆಳಗಿನ ಅಂಕಿಯೇ ಇಷ್ಟು ಜನರಲ್ಲಿ ಕಡಿಮೆ ಇರುವಾಗ ಅನುಪಾತ ಸುಲಭವಾಗಿ ಮೇಲೇಳುತ್ತದೆ. 3.2, 3.4 ಬಂದವರು ನಿದ್ದೆಗೆಡಬೇಕಿಲ್ಲ.

ಆದರೆ ನಿಮ್ಮದು 6.1. ‘ನಾನು ದಪ್ಪ ಇಲ್ಲವಲ್ಲ’ ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಾಕಿದರು. ಇಬ್ಬರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕಿ) 22.3. ದೇಹದಲ್ಲಿದ್ದ ಕೊಬ್ಬು ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನಮ್ಮವರದು ಮೇಲೆ ಸಣಕಲು, ಒಳಗೆ ಕೊಬ್ಬು ಎಂಬ ಮೈಕಟ್ಟು. ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯೊಳಗೆ. ನಿಮ್ಮ ಬಿಎಂಐ 23.4, ಸೊಂಟ 94. ದಕ್ಷಿಣ ಏಷ್ಯಾದ ಗಂಡಸರಿಗೆ ಗೆರೆ 90, ಹೆಂಗಸರಿಗೆ 80. ಎತ್ತರದ ಅರ್ಧ ಮೀರಬಾರದು ಎಂಬ ಸುಲಭ ಲೆಕ್ಕದಲ್ಲಾದರೆ ನಿಮಗೆ 84. ಅಂದ ಹಾಗೆ, ಪ್ಯಾಂಟಿನ ಸೈಜು ಸೊಂಟದ ಅಳತೆಯಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರೀ ಮೈಮೇಲೆ, ಸಹಜವಾಗಿ ಉಸಿರು ಬಿಟ್ಟಾಗ ಟೇಪು ಹಿಡಿಯಬೇಕು.

ಚಯಾಪಚಯ ಕೆಟ್ಟಿದೆಯೇ ಎಂದು ನೋಡಲು ಅನುಪಾತಕ್ಕಿಂತ ಗಟ್ಟಿಯಾದ ಲೆಕ್ಕವೊಂದಿದೆ. ಸೊಂಟ ಗೆರೆ ಮೀರಿರುವುದು. ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ. ರಕ್ತದೊತ್ತಡ 130/85 ಅಥವಾ ಹೆಚ್ಚು. ಖಾಲಿ ಹೊಟ್ಟೆ ಸಕ್ಕರೆ 100 ಅಥವಾ ಹೆಚ್ಚು. ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್. ಬಿಪಿ ನೋಡದೆಯೇ ನಿಮಗೆ ನಾಲ್ಕು ಸಿಕ್ಕಿವೆ. ಮೂರು ತಿಂಗಳ ಸಕ್ಕರೆ 5.9 ಕೂಡ ಮಧುಮೇಹದ ಹೊಸ್ತಿಲು, 5.7ರಿಂದ 6.4ರವರೆಗೆ ಆ ಹೊಸ್ತಿಲೇ. ಬಿಪಿ ಬರೆದಿಲ್ಲ, ದಯವಿಟ್ಟು ನೋಡಿಸಿ.

ಆರತಕ್ಷತೆ ಊಟದ ವಿಷಯ. ಊಟದ ಕೊಬ್ಬು ರಕ್ತದಲ್ಲಿ ಮೂರರಿಂದ ಐದು ಗಂಟೆಯ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ, ಇನ್ಸುಲಿನ್ ಪ್ರತಿರೋಧ ಇದ್ದವರಲ್ಲಿ ಇಳಿಯಲು ಇನ್ನೂ ತಡ. ಹೋಳಿಗೆ, ಕರಿದದ್ದು, ಐಸ್‌ಕ್ರೀಮು ಉಂಡು ಎಂಟು ಗಂಟೆಗೆ ರಕ್ತ ಕೊಟ್ಟರೆ 214ರಲ್ಲಿ ಸ್ವಲ್ಪ ಆ ರಾತ್ರಿಯದೇ ಇರಬಹುದು. ಅಲ್ಲದೆ ಟ್ರೈಗ್ಲಿಸರೈಡ್ ಏನೂ ಮಾಡದಿದ್ದರೂ ದಿನದಿಂದ ದಿನಕ್ಕೆ ಶೇ. 20ರಷ್ಟು ಹೊಯ್ದಾಡುತ್ತದೆ. ಹಾಗಾಗಿ 178 ಇದ್ದದ್ದು 214 ಆಯಿತು, ಅನುಪಾತ 4.9ರಿಂದ 6.1ಕ್ಕೆ ಏರಿತು, ಇದಕ್ಕೆಲ್ಲ ಪಥ್ಯವೇ ಕಾರಣ ಎಂದು ಒಂದೇ ರಿಪೋರ್ಟಿನಿಂದ ತೀರ್ಮಾನಿಸಲು ಬರುವುದಿಲ್ಲ. ಎರಡು ಸಲವೂ ಗೆರೆಗಿಂತ ಬಹಳ ಮೇಲೇ ಇದ್ದೀರಿ ಎಂಬುದು ಮಾತ್ರ ಖಚಿತ.

ಹಾಗಿದ್ದರೂ ಆ ಪಥ್ಯ ಸರಿಯಿರಲಿಲ್ಲ. ‘ಟ್ರೈಗ್ಲಿಸರೈಡ್ ಅಂದರೆ ಕೊಬ್ಬು, ಆದ್ದರಿಂದ ಎಣ್ಣೆ ಬಿಡಿ’ ಎಂಬ ಸಲಹೆ ಕೇಳಲು ಸರಿ ಅನಿಸುತ್ತದೆ, ದೇಹದೊಳಗೆ ನಡೆಯುವುದು ಬೇರೆ. ಎಣ್ಣೆ ತೆಗೆದ ಜಾಗಕ್ಕೆ ಅನ್ನ, ಜ್ಯೂಸು ಬಂದರೆ ಲಿವರ್ ಅದರಿಂದಲೇ ಟ್ರೈಗ್ಲಿಸರೈಡ್ ತಯಾರಿಸುತ್ತದೆ, ಎಚ್‌ಡಿಎಲ್ ಇನ್ನೂ ಇಳಿಯುತ್ತದೆ. ಎಣ್ಣೆಯನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕಾಗುವುದು ಟ್ರೈಗ್ಲಿಸರೈಡ್ ತೀರಾ ಏರಿದಾಗ: 500 ದಾಟಿದರೆ ಮೇದೋಜೀರಕ ಗ್ರಂಥಿ ಉರಿಯೂತದ ಭಯ ಶುರು, 1000 ದಾಟಿದರೆ ಅದು ತುರ್ತು. ನೀವು ಆ ಗುಂಪಲ್ಲ.

ವಿಡಿಯೋದ ಕೊಬ್ಬರಿ ಎಣ್ಣೆ ಸಲಹೆಗೆ ಬರೋಣ. ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಕಡಲೆಕಾಯಿ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಚ್‌ಡಿಎಲ್ ಅನ್ನು ಸರಾಸರಿ 4, ಎಲ್‌ಡಿಎಲ್ ಅನ್ನು ಸರಾಸರಿ 10 ಏರಿಸುತ್ತದೆ. ನಿಮ್ಮ ಅಂಕಿಗೆ ಇದನ್ನು ಹಾಕಿ: ಎಚ್‌ಡಿಎಲ್ 35 ಹೋಗಿ 39, ಟ್ರೈಗ್ಲಿಸರೈಡ್ ಅಷ್ಟೇ ಇದ್ದರೂ ಅನುಪಾತ 6.1ರಿಂದ 5.5. ಅನುಪಾತ ಖುಷಿಪಟ್ಟಿತು, ಎಲ್‌ಡಿಎಲ್ 124ಕ್ಕೆ ಹೋಯಿತು. ಅನ್ನ-ಮುದ್ದೆ ಪೂರ್ತಿ ಬಿಟ್ಟು ಬೆಣ್ಣೆ-ತುಪ್ಪದ ಮೇಲೆ ಬದುಕುವ ಕೀಟೋದಲ್ಲಂತೂ ಅನುಪಾತ 1ಕ್ಕಿಳಿದು ಎಲ್‌ಡಿಎಲ್ 200 ಮೀರಿದವರಿದ್ದಾರೆ. ನಿತ್ಯ ಕುಡಿಯುವವರಿಗೂ ಎಚ್‌ಡಿಎಲ್ ಏರಿ ಅನುಪಾತ ಚೆಂದ ಕಾಣಬಹುದು. ನಿಮ್ಮ ಊರಿನ ಬೆಳೆಯ ಮೇಲೆ ನನಗೆ ಸಿಟ್ಟಿಲ್ಲ. ಚಟ್ನಿಗೆ ಕಾಯಿ, ಒಗ್ಗರಣೆಗೆ ಒಂದು ಚಮಚ ಎಣ್ಣೆ ಇರಲಿ. ಅದನ್ನು ಔಷಧ ಎಂದು ಸುರಿದುಕೊಳ್ಳಬೇಡಿ.

ಮಾತ್ರೆಯಿಂದ ಅನುಪಾತ ಸರಿಮಾಡುವುದೂ ಇದೇ ಕಥೆ. ಎಚ್‌ಡಿಎಲ್ ಅನ್ನು ಭಾರಿ ಏರಿಸಿದ ಟಾರ್ಸೆಟ್ರಾಪಿಬ್ ಎಂಬ ಔಷಧದ ಪ್ರಯೋಗವನ್ನು 2006ರಲ್ಲಿ ನಿಲ್ಲಿಸಬೇಕಾಯಿತು, ಅದನ್ನು ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು. 2022ರ ಪ್ರಾಮಿನೆಂಟ್ ಪ್ರಯೋಗದಲ್ಲಿ ಹೆಚ್ಚು ಟ್ರೈಗ್ಲಿಸರೈಡ್, ಕಡಿಮೆ ಎಚ್‌ಡಿಎಲ್ ಇದ್ದ ಮಧುಮೇಹಿಗಳಿಗೆ ಪೆಮಾಫೈಬ್ರೇಟ್ ಎಂಬ ಟ್ರೈಗ್ಲಿಸರೈಡ್ ಇಳಿಸುವ ಮಾತ್ರೆ ಕೊಟ್ಟರು. ಟ್ರೈಗ್ಲಿಸರೈಡ್ ಕಾಲುಭಾಗ ಇಳಿಯಿತು, ಹೃದಯಾಘಾತ ಕಡಿಮೆಯಾಗಲಿಲ್ಲ. ಅಪೋ-ಬಿ ಚೂರು ಏರಿತ್ತು, ಅಂದರೆ ಚೀಲಗಳ ಲೆಕ್ಕ ಕಡಿಮೆಯಾಗಿರಲಿಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇದಕ್ಕೆ ತಿರುಗುಮುರುಗು. ಅದು ಚೀಲಗಳನ್ನು ಕಡಿಮೆ ಮಾಡಿ ಹೃದಯಾಘಾತ ತಪ್ಪಿಸುತ್ತದೆ, ಆದರೆ ಈ ಅನುಪಾತದಲ್ಲಿ ದೊಡ್ಡ ಬದಲಾವಣೆ ತೋರಿಸುವುದಿಲ್ಲ. ‘ಅನುಪಾತ ಹಾಗೇ ಇದೆ, ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದು ಸ್ಟ್ಯಾಟಿನ್ ನಿಲ್ಲಿಸುವವರು ಬಹಳ ಮಂದಿ. ಅವರು ತಪ್ಪು ಅಂಕಿ ನೋಡುತ್ತಿದ್ದಾರೆ. ಅಂಗಡಿಯಲ್ಲಿ ಸಿಗುವ ಮೀನೆಣ್ಣೆ ಕ್ಯಾಪ್ಸೂಲು ದಿನಕ್ಕೊಂದು ನುಂಗಿದರೆ ಟ್ರೈಗ್ಲಿಸರೈಡಿಗೆ ತಾಕುವುದಿಲ್ಲ, ಔಷಧದ ಪ್ರಮಾಣವೇ ಬೇರೆ, ಅದರಲ್ಲಿ ಹೃದಯದ ಬಡಿತ ತಪ್ಪುವ ಅಪಾಯವೂ ಇದೆ.

ಈಗ ಮಾಡಬೇಕಾದ್ದು. ಎರಡು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಹಿಂದಿನ ರಾತ್ರಿ ಎಂಟರೊಳಗೆ ಮಾಮೂಲು ಊಟ, ಪರೀಕ್ಷೆಗೆಂದು ವಿಶೇಷ ಪಥ್ಯ ಬೇಡ. ಹತ್ತರಿಂದ ಹನ್ನೆರಡು ಗಂಟೆ ನೀರು ಮಾತ್ರ, ಕಾಫಿಯೂ ಇಲ್ಲ. ಜ್ವರ ಬಂದು ಹೋಗಿದ್ದರೆ ಕೆಲವು ವಾರ ಮುಂದೂಡಿ, ಸೋಂಕಿನಲ್ಲಿ ಎಚ್‌ಡಿಎಲ್ ಬೀಳುತ್ತದೆ. ಅದೇ ರಕ್ತದಲ್ಲಿ ಥೈರಾಯ್ಡಿನ ಟಿಎಸ್‌ಎಚ್, ಲಿವರಿನ ಎಸ್‌ಜಿಪಿಟಿ, ಕ್ರಿಯಾಟಿನಿನ್ ನೋಡಿಸಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದೂ ನೋಡಿಸಿ. ಥೈರಾಯ್ಡ್ ಕುಂದಿದರೂ, ಕಿಡ್ನಿಯಿಂದ ಪ್ರೋಟೀನ್ ಸೋರಿದರೂ ಟ್ರೈಗ್ಲಿಸರೈಡ್ ಏರುತ್ತದೆ. ಸ್ಟೀರಾಯ್ಡ್, ಕೆಲವು ಬಿಪಿ ಮಾತ್ರೆ, ಮೊಡವೆಯ ಐಸೊಟ್ರೆಟಿನಾಯಿನ್ ಕೂಡ ಏರಿಸುತ್ತವೆ. ಏನಾದರೂ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ. ಜೀವನದಲ್ಲಿ ಒಂದೇ ಸಲ ಸಾಕಾಗುವ ಪರೀಕ್ಷೆ ಲೈಪೊಪ್ರೋಟೀನ್ ‘ಎ’. ಅದು ಎಲ್‌ಡಿಎಲ್‌ನಂಥದೇ ಒಂದು ಕಣ, ಹುಟ್ಟಿನಿಂದ ಬಂದದ್ದು, 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು, ಯಾವ ಅನುಪಾತದಲ್ಲೂ ಕಾಣುವುದಿಲ್ಲ. ಇನ್ಸುಲಿನ್ ಅಳೆಸಿ ಹೋಮಾ (ಇನ್ಸುಲಿನ್ ಪ್ರತಿರೋಧದ ಅಂದಾಜು) ಲೆಕ್ಕ ಹಾಕಿಸುವ ಪ್ಯಾಕೇಜಿಗೆ ದುಡ್ಡು ಹಾಕಬೇಡಿ. ಲ್ಯಾಬಿನಿಂದ ಲ್ಯಾಬಿಗೆ ಆ ಅಂಕಿ ಬದಲಾಗುತ್ತದೆ, ನಿಮಗೆ ಉತ್ತರ ಆಗಲೇ ಗೊತ್ತಿದೆ.

ಊಟದಲ್ಲಿ ಮೊದಲು ಹೋಗಬೇಕಾದ್ದು ಜ್ಯೂಸು. ಆಮೇಲೆ ಟೀ-ಕಾಫಿಯ ಸಕ್ಕರೆ: ದಿನಕ್ಕೆ ನಾಲ್ಕು ಲೋಟ, ತಲಾ ಎರಡು ಚಮಚ ಅಂದರೆ 35 ಗ್ರಾಂ ಹತ್ತಿರ. ಬೆಲ್ಲ ಹಾಕಿದರೂ ಲಿವರ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ನಿಮ್ಮ ಕಡೆಯ ಊಟ ಮುದ್ದೆಯಿಂದ ಶುರುವಾಗಿ, ಅನ್ನ-ಸಾರಿಗೆ ಬಂದು, ಮಜ್ಜಿಗೆ ಅನ್ನದಲ್ಲಿ ಮುಗಿಯುತ್ತದೆ. ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 65–70 ಗ್ರಾಂ ಪಿಷ್ಟವಿರುತ್ತದೆ. ಅದರ ಮೇಲೆ ಎರಡು ಸಲ ಅನ್ನ ಬಡಿಸಿಕೊಂಡರೆ ರಾಗಿಯ ಪುಣ್ಯ ಅಲ್ಲಿಗೇ ಮುಗಿಯಿತು. ಒಂದೂಟಕ್ಕೆ ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು. ಖಾಲಿಯಾದ ಜಾಗಕ್ಕೆ ಬಸ್ಸಾರಿನ ಕಾಳು-ಸೊಪ್ಪನ್ನು ಪಲ್ಯದ ಹಾಗೆ ಒಂದು ಬಟ್ಟಲು, ಹುರುಳಿ, ಅವರೆ, ಮೊಟ್ಟೆ, ತಿನ್ನುವವರಾದರೆ ಮೀನು. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಕಡಲೆಕಾಯಿ ಬೀಜ. ಎಣ್ಣೆ ಮತ್ತೆ ಶುರು ಮಾಡಿ, ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್ ಸಾಕು. ಹೀಗೆ ಬದಲಾಯಿಸಿದ ಮೊದಲ ವಾರ ಹೊಟ್ಟೆ ತುಂಬಿದ ಹಾಗನಿಸದೆ ಬಹಳ ಜನ ಕೈಬಿಡುತ್ತಾರೆ. ಕಾಳಿನ ಪ್ರಮಾಣ ಹೆಚ್ಚಿಸದೆ ಬರೀ ಅನ್ನ ಕಡಿಮೆ ಮಾಡಿದ್ದೇ ಅದಕ್ಕೆ ಕಾರಣ.

ತೂಕ 66 ಇರುವವರು ಇಳಿಸುವುದೆಂದರೆ ವಿಚಿತ್ರ ಅನಿಸಬಹುದು. ಆದರೂ ಮೂರೂವರೆ-ನಾಲ್ಕು ಕಿಲೋ, ಅದೂ ಹೊಟ್ಟೆಯಿಂದ, ಹೋಗಬೇಕು. ತೂಕದ ಶೇ. 5ರಿಂದ 10 ಇಳಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20 ಇಳಿಯುತ್ತದೆ. ನಡಿಗೆ ವಾರಕ್ಕೆ 150 ನಿಮಿಷ, ಅದರಲ್ಲಿ ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಇರಲಿ. ಟ್ರೈಗ್ಲಿಸರೈಡ್ ಬಿಡಿಸುವ ಕಿಣ್ವ ಕೆಲಸ ಮಾಡುವುದು ಸ್ನಾಯುವಿನ ರಕ್ತನಾಳದಲ್ಲಿ, ಅದರ ಚುರುಕು ಒಂದೆರಡು ದಿನ ಮಾತ್ರ ಉಳಿಯುತ್ತದೆ. ಭಾನುವಾರ ಒಂದೇ ಸಲ ಹತ್ತು ಕಿಲೋಮೀಟರ್ ನಡೆದರೆ ಆಗದು. ವಾರಕ್ಕೆರಡು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ. ನಮ್ಮ ಮೈಕಟ್ಟಿಗೆ ಕೊರತೆಯಿರುವುದೇ ಸ್ನಾಯು.

ಸ್ಟ್ಯಾಟಿನ್ ಇವತ್ತೇ ಬೇಕೇ ಎಂಬುದು ಅನುಪಾತದ ಮೇಲೆ ನಿಂತಿಲ್ಲ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ, ಬಿಪಿ ಹೆಚ್ಚಿದ್ದರೆ, ಅಥವಾ ಲೈಪೊಪ್ರೋಟೀನ್ ‘ಎ’ ಏರಿದ್ದರೆ ನಿಮ್ಮ ವೈದ್ಯರು ಈಗಲೇ ಶುರು ಮಾಡಬಹುದು, ಹಿಂಜರಿಯಬೇಡಿ. ಸ್ಟ್ಯಾಟಿನ್‌ನಿಂದ ಸಕ್ಕರೆ ಚೂರು ಏರಬಹುದು, ಹೊಸ್ತಿಲಲ್ಲಿರುವವರಿಗೆ ಇದು ತಿಳಿದಿರಬೇಕು. ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ದೊಡ್ಡದು. ಇವ್ಯಾವುದೂ ಇಲ್ಲದಿದ್ದರೆ ಹನ್ನೆರಡು ವಾರ ಮೇಲಿನದ್ದನ್ನು ಮಾಡಿ ನೋಡುವಷ್ಟು ಸಮಯ ನಿಮಗಿದೆ.

ಹನ್ನೆರಡನೇ ವಾರ ಮತ್ತೆ ಅದೇ ಲ್ಯಾಬು, ಅದೇ ಉಪವಾಸ. ವೈದ್ಯರ ಹತ್ತಿರ ಹೋಗುವಾಗ ಎಲ್ಲ ರಿಪೋರ್ಟುಗಳನ್ನೂ ಒಟ್ಟಿಗೆ ಒಯ್ಯಿರಿ, ಹಾಳೆಯ ಮೇಲೆ ಪೆನ್ನಿನಲ್ಲಿ ನಾಲ್ಕು ಅಂಕಿ ಬರೆದಿಡಿ: ಸೊಂಟ, ಬಿಪಿ, ನಾನ್-ಎಚ್‌ಡಿಎಲ್, ಮೂರು ತಿಂಗಳ ಸಕ್ಕರೆ. ಅನುಪಾತವನ್ನು ಐದನೆಯದಾಗಿ ಬರೆದುಕೊಳ್ಳಿ ಬೇಕಾದರೆ. ಮೂರು ತಿಂಗಳ ಸಕ್ಕರೆ ಅಷ್ಟರಲ್ಲಿ 6.5 ಮುಟ್ಟಿ, ಮತ್ತೊಮ್ಮೆ ನೋಡಿದಾಗಲೂ ಅಷ್ಟೇ ಬಂದರೆ ಅದು ಮಧುಮೇಹ. ಆಗ ನಿಮ್ಮ ವಯಸ್ಸಿಗೆ ಸ್ಟ್ಯಾಟಿನ್ ಹೇಗೂ ಬರೆಯುತ್ತಾರೆ, ಅನುಪಾತ ಎಷ್ಟೇ ಇರಲಿ.